ಇಪ್ಪತ್ತಾರಕ್ಕೂ ಇಪ್ಪತ್ತೇಳಕ್ಕೂ ನಡುವೆ

ಯಾವ ಸರ್ವರ್ ಕೂಡ ಒಂದು ದಿನಕ್ಕಿಂತ ಹೆಚ್ಚು ಬದುಕಬಾರದು ಎಂಬ ಕಾನೂನು ಬಂದು ಆರು ವರ್ಷವಾಗಿತ್ತು.

ಅದಕ್ಕೂ ಹಿಂದೆ ಸರ್ವರ್‌ಗಳು ವರ್ಷಗಟ್ಟಲೆ ಓಡುತ್ತಿದ್ದವು. ಒಮ್ಮೆ ಒಳಹೊಕ್ಕ ಕಳ್ಳ ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಒಳಗೇ ಕೂತಿರಬಹುದಿತ್ತು. ಹಾಗೆ ಕೂತ ಯಾರೋ ಒಂದು ದಿನ ಕಿಡ್ನಿ ಡಬ್ಬಿಗಳ ಅಂಕಿಗಳನ್ನು ತಿದ್ದಿದರು. ಸತ್ತವರು ಇನ್ನೂರ ಹದಿನೆಂಟು ಮಂದಿ. ಆಮೇಲೆ ಎರಡು ನಿಯಮಗಳು ಬಂದವು. ಡಬ್ಬಿಯೊಳಗೆ ರೋಗಿಯ ಯಾವ ಮಾಹಿತಿಯೂ ಉಳಿಯಬಾರದು, ಪ್ರತಿ ಸಲ ಸರ್ವರನ್ನು ಕೇಳಿಯೇ ಕೆಲಸ ಶುರು ಮಾಡಬೇಕು. ಆ ಸರ್ವರನ್ನು ದಿನಕ್ಕೊಮ್ಮೆ ಅಳಿಸಿ ಹೊಸದನ್ನು ಕಟ್ಟಬೇಕು. ಕಳ್ಳ ಹೊಕ್ಕರೂ ಮರುದಿನಕ್ಕೆ ಅವನು ಹೊಕ್ಕ ಮನೆಯೇ ಇರುವುದಿಲ್ಲ.

ಡಬ್ಬಿ ಎಂದರೆ ಊಟದ ಕ್ಯಾರಿಯರ್‌ನಷ್ಟು ದೊಡ್ಡ ಯಂತ್ರ. ಕಿಡ್ನಿ ಕೆಟ್ಟವರು ದಿನ ಬಿಟ್ಟು ದಿನ ಮನೆಯಲ್ಲೇ ಕೂತು ಮೂರು ತಾಸು ರಕ್ತ ಶುದ್ಧಿಗೆ ಅದಕ್ಕೆ ಕೈ ಒಡ್ಡುತ್ತಿದ್ದರು. ಈ ಮನುಷ್ಯನ ರಕ್ತದಿಂದ ಇವತ್ತು ಎಷ್ಟು ನೀರು ತೆಗೆಯಬೇಕು, ಎಷ್ಟು ಉಪ್ಪು ಬಿಡಬೇಕು ಎಂದು ಅದು ಗದಗಿನ ಕೇಂದ್ರವನ್ನು ಕೇಳುತ್ತಿತ್ತು. ಆ ಕೇಂದ್ರದ ಹೊಣೆಯಲ್ಲಿ ನಾಲ್ಕು ಜಿಲ್ಲೆಗಳ ಹದಿನಾಲ್ಕು ಸಾವಿರದ ಮುನ್ನೂರ ಹನ್ನೆರಡು ಡಬ್ಬಿಗಳಿದ್ದವು.

ಆರು ವರ್ಷವೂ ಆ ಸರ್ವರನ್ನು ದಿನಾ ಕೈಯಾರೆ ಕಟ್ಟುತ್ತಿದ್ದವರು ದಾವಲಸಾಬ ನದಾಫ. ಹಿಂದೆ ಬೆಟಗೇರಿಯಲ್ಲಿ ಸೈಬರ್ ಕೆಫೆ ಇಟ್ಟಿದ್ದವರು, ವಯಸ್ಸು ಐವತ್ತೆಂಟು. ಡಬ್ಬಿಗಳ ಗಿರಾಕಿ ಹೆಚ್ಚಾಗಿ ಮುಂಜಾನೆ ಮತ್ತು ಸಂಜೆ. ಆದ್ದರಿಂದ ಮಧ್ಯಾಹ್ನ ಒಂದಕ್ಕೆ ಹಳೆಯ ಸರ್ವರ್ ಅಳಿಸಿ ಅವರು ಕೂರುತ್ತಿದ್ದರು. ದೊಡ್ಡ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಮಷೀನ್, ಅಂದರೆ ಯಂತ್ರದೊಳಗೊಂದು ಲೆಕ್ಕದ ಯಂತ್ರ, ತೆರೆಯುವುದು, ಅದಕ್ಕೆ ನೆನಪು, ಜಾಗ ಕೊಡುವುದು, ಡೇಟಾಬೇಸ್ ಪ್ರೋಗ್ರಾಂ ಹಾಕುವುದು, ರೋಗಿಗಳ ಮಾಹಿತಿಯಿದ್ದ, ಮೊಹರು ಮಾಡಿಟ್ಟ ಡಿಸ್ಕನ್ನು ಜೋಡಿಸುವುದು, ಡೇಟಾಬೇಸ್ ಚಾಲೂ ಮಾಡುವುದು, ಡಬ್ಬಿಗಳ ಪ್ರಶ್ನೆಗಳಿಗೆ ಬಾಗಿಲು ತೆರೆಯುವುದು. ಒಟ್ಟು ನಲವತ್ಮೂರು ಹಂತ. ಎಲ್ಲವನ್ನೂ ಅವರು ಎರಡು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು.

ದಾಕ್ಷಾಯಣಿ ಹೂಗಾರ ಆ ಹಾಳೆಗಳನ್ನು ಗೋಡೆಯಿಂದ ಕಿತ್ತು, ಆ ಹಂತಗಳನ್ನು ತಾನೇ ನಡೆಸುವ ಸ್ಕ್ರಿಪ್ಟ್ ಬರೆದಳು. ಇಪ್ಪತ್ತಾರರ ಹುಡುಗಿ, ಕೇಂದ್ರ ಸೇರಿ ಒಂದೂವರೆ ವರ್ಷ. ಹೋದ ಚಳಿಗಾಲದಲ್ಲಿ ದಾವಲಸಾಬರು ನೂರಮೂರು ಜ್ವರದಲ್ಲಿ ಕಂಬಳಿ ಹೊದ್ದು ಬಂದು, ನಡುಗುವ ಬೆರಳಲ್ಲಿ ನಲವತ್ಮೂರು ಹಂತ ಒತ್ತುವುದನ್ನು ಅವಳು ನೋಡಿದ್ದಳು. ಒಂದು ಅಕ್ಷರ ತಪ್ಪಿದ್ದರೆ? ಇಷ್ಟು ಜನರ ರಕ್ತ ಒಬ್ಬ ಮುದುಕನ ಬೆರಳಿನ ಮೇಲೆ ನಿಂತಿರಬಾರದು ಎಂದು ಅವಳಿಗೆ ಅನ್ನಿಸಿತು. ಅದು ಸರಿಯಾದ ಅನ್ನಿಸಿಕೆಯೇ. ಒಂದು ತಿಂಗಳು ಅವರು ಒತ್ತಿದ ಒಂದೊಂದು ಕೀಲಿಯನ್ನೂ ದಾಖಲಿಸಿ, ಅದನ್ನೇ ಸ್ಕ್ರಿಪ್ಟ್ ಮಾಡಿದಳು. ನೂರು ರೋಗಿಗಳ ನಕಲು ಡಿಸ್ಕಿನ ಮೇಲೆ ಅರವತ್ತು ಸಲ ಓಡಿಸಿದಳು. ಅರವತ್ತೂ ಪಾಸ್. ದಾವಲಸಾಬರ ಕರಾರು ಮಾರ್ಚಿಗೆ ಮುಗಿಯುತ್ತಿತ್ತು, ಯಾರೂ ಅದನ್ನು ಮುಂದುವರಿಸಲಿಲ್ಲ. ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಸ್ಕ್ರಿಪ್ಟ್ ಒಂಟಿಯಾಗಿ ಓಡುವ ಮೊದಲ ದಿನ, ಮುಂಜಾನೆ, ದಾಕ್ಷಾಯಣಿಯ ತಾಯಿ ಚನ್ನವ್ವ ರೊಟ್ಟಿ ಬಡಿಯುತ್ತಿದ್ದಳು. ಎರಡು ಖಾನಾವಳಿಗಳಿಗೆ ದಿನಕ್ಕೆ ಮುನ್ನೂರು ರೊಟ್ಟಿ ಅವಳ ಕೈಯಿಂದ ಹೋಗುತ್ತಿದ್ದವು.

"ಇವತ್ತ ನಿನ್ನ ಕೂಸು ತಾನ ನಡೀತದೇನು?" ಎಂದಳು, ಹಿಟ್ಟಿನ ಕೈಯಿಂದ ತಲೆಗೂದಲು ಹಿಂದೆ ಸರಿಸುತ್ತ.

"ಕೂಸಲ್ಲವ್ವಾ, ಸ್ಕ್ರಿಪ್ಟು."

"ಏನರ ಇರ್ಲಿ. ಆ ಮುದುಕನ್ನ ಬಿಡ್ಸಿದ್ರಿ ಅಂದ್ಯಲ್ಲ, ಅಂವ ಏನ ಮಾಡ್ತಾನ ಇನ್ನ?"

"ತಮ್ಮನ ಹಾಸಿಗಿ-ಗಾದಿ ಅಂಗಡ್ಯಾಗ ಕೂಡ್ತಾರಂತ."

ಚನ್ನವ್ವ ಒಂದು ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು. ಡಬ್ಬಿ ಬರುವ ಮೊದಲು ಎರಡು ವರ್ಷ ಅವಳು ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ನಾಲ್ಕು ತಾಸು ಮಲಗಿ, ಕಿಟಕಿಗೆ ತಲೆ ಕೊಟ್ಟು ವಾಪಸ್ ಬರುತ್ತಿದ್ದಳು. ಈಗ ಸಂಜೆ ಐದಕ್ಕೆ ಎರಡನೆಯ ಬುಟ್ಟಿ ಕಳಿಸಿ, ಕೈ ತೊಳೆದು ಡಬ್ಬಿಗೆ ಕೂರುತ್ತಾಳೆ. ಇವತ್ತು ಅವಳ ಪಾಳಿ.

ಮಧ್ಯಾಹ್ನ ಒಂದಕ್ಕೆ ಯಾರೂ ಏನೂ ಒತ್ತಬೇಕಿರಲಿಲ್ಲ. ಗೋಡೆಯ ದೊಡ್ಡ ಪರದೆಯ ಮೇಲೆ ಹಂತಗಳು ತಾವೇ ಉರುಳಿದವು. ದಾವಲಸಾಬರು ಮುಕ್ಕಾಲು ತಾಸು ಮಾಡುತ್ತಿದ್ದ ಕೆಲಸ ನಾಲ್ಕು ನಿಮಿಷಕ್ಕೆ ಮುಗಿಯಿತು. ನಲವತ್ಮೂರೂ ಹಸಿರು. ಕೇಂದ್ರದ ಮುಖ್ಯಸ್ಥ ಮುಳಗುಂದ ಸರ್ ಎಲ್ಲರಿಗೂ ಧಾರವಾಡ ಪೇಡೆ ಹಂಚಿದರು.

"ತಿನ್ನು, ತಿನ್ನು. ಬೆಂಗಳೂರಿನವ್ರು ಎರಡು ವರ್ಷದಿಂದ ಮಾಡ್ತೀವಿ ಮಾಡ್ತೀವಿ ಅನ್ನಾಕತ್ತಿದ್ರು. ನಾವು ಮಾಡಿ ತೋರ್ಸಿದ್ವಿ."

ಹದಿನೈದು ನಿಮಿಷಕ್ಕೆ ಫೋನು ಬಂತು.

"ನಾನ್ರಿ, ಮುಂಡರಗಿಯಿಂದ ಈರಣ್ಣ ಮಾಸ್ತರ. ನಮ್ಮ ಡಬ್ಬಿ 'ಇಂಥ ವ್ಯಕ್ತಿ ಇಲ್ಲ' ಅನ್ನಾಕತ್ತೈತಿ. ನಾ ಇಲ್ಲೇ ಕುಂತೀನಲ್ರೀ! ಎಪ್ಪತ್ತೆರಡು ವರ್ಷದಿಂದ ಇದ್ದೀನಿ!"

ದಾಕ್ಷಾಯಣಿ ನಕ್ಕಳು. "ಡಬ್ಬಿ ಮ್ಯಾಲಿನ ದೀಪ ಯಾವ ಬಣ್ಣ ಐತ್ರಿ ಮಾಸ್ತರ?"

"ಕೆಂಪು. ಆಮ್ಯಾಲೆ ಟಕ್ ಅಂತು, ಆರಿ ಹೋತು. ಈಗ ಏನೂ ಇಲ್ಲ."

ಅವಳ ನಗು ನಿಂತಿತು. ಡಬ್ಬಿಗಳನ್ನು ಕದ್ದು ಮಾರುವವರಿದ್ದರು. ಅದಕ್ಕಾಗಿ ಕಂಪನಿ ಒಂದು ಏರ್ಪಾಡು ಮಾಡಿತ್ತು. ಸರ್ವರ್ ಉತ್ತರವನ್ನೇ ಕೊಡದಿದ್ದರೆ ಡಬ್ಬಿ ತಾಳ್ಮೆಯಿಂದ ಕಾಯುತ್ತದೆ. ಆದರೆ 'ಇಂಥ ವ್ಯಕ್ತಿ ಇಲ್ಲ' ಎಂದು ಸರ್ವರ್ ಹೇಳಿದರೆ, ತಾನು ಕಳ್ಳರ ಕೈಗೆ ಸಿಕ್ಕಿದ್ದೇನೆ ಎಂದುಕೊಂಡು ತನ್ನೊಳಗಿನ ಕಂಪ್ಯೂಟರ್ ಚಿಪ್ಪನ್ನು ತಾನೇ ಸುಟ್ಟುಕೊಳ್ಳುತ್ತದೆ. ಆ ಟಕ್ ಶಬ್ದ ಅದೇ.

ಅವಳು ಹೊಸ ಸರ್ವರನ್ನು ಒಂದೇ ಪ್ರಶ್ನೆ ಕೇಳಿದಳು: ನಿನ್ನಲ್ಲಿ ಎಷ್ಟು ರೋಗಿಗಳಿದ್ದಾರೆ?

ಸೊನ್ನೆ.

ಡೇಟಾಬೇಸ್ ಚೆನ್ನಾಗಿ ಓಡುತ್ತಿತ್ತು. ಯಾವ ದೋಷವೂ ಇರಲಿಲ್ಲ. ಒಳಗೆ ಯಾರೂ ಇರಲಿಲ್ಲ, ಅಷ್ಟೆ.

ಅಷ್ಟರಲ್ಲಿ ಎರಡನೆಯ ಫೋನು, ಮೂರನೆಯದು. ಊಟದ ಹೊತ್ತಿನಲ್ಲಿ ಡಬ್ಬಿಗೆ ಕೂರುವವರು ಕಡಿಮೆ. ಆದರೆ ನಾಲ್ಕರ ನಂತರ ಸಾವಿರಗಟ್ಟಲೆ ಡಬ್ಬಿಗಳು ಕೇಳಲು ಶುರು ಮಾಡುತ್ತವೆ. ಐದಕ್ಕೆ ಅವ್ವ.

"ಸರ್, ಸರ್ವರ್ ಕೊಲ್ತೀನಿ," ಎಂದಳು.

ಮುಳಗುಂದ ಸರ್ ಕೈಯಲ್ಲಿ ಇನ್ನೂ ಪೇಡೆಯ ಪೊಟ್ಟಣವಿತ್ತು. "ಏ, ತಡಿ. ಬೆಂಗಳೂರಿಗೆ ಕೇಳೂಣು. ಸರ್ವರ್ ಇಲ್ಲದ ಕೇಂದ್ರ ಅಂದ್ರ ನನ್ನ ಕುತ್ತಿಗಿಗೆ ಬರ್ತೈತಿ."

"ಅವ್ರು ಮೀಟಿಂಗ್ ಕರಿಯೂದ್ರಾಗ ಡಬ್ಬಿ ಸುಟ್ಟು ಬೂದಿ ಆಗಿರ್ತಾವ್ರೀ. ಸರ್ವರ್ ಇಲ್ಲಂದ್ರ ಡಬ್ಬಿ ಕಾಯ್ತಾವ. ಸುಳ್ಳು ಹೇಳೂ ಸರ್ವರ್ ಇದ್ರ ಸಾಯ್ತಾವ."

ಅವರು ಉತ್ತರಿಸುವ ಮೊದಲೇ ಕೊಂದಳು. ಪರದೆ ಕಪ್ಪಾಯಿತು. ಅಷ್ಟು ಹೊತ್ತಿಗೆ ಸುಟ್ಟುಹೋದ ಡಬ್ಬಿಗಳು ಏಳು.

ಕಂಪನಿಯಿಂದ ಹೊಸ ಚಿಪ್ಪು ಬರಲು ಎಂಟು ದಿನ ಬೇಕು. ಗೋದಾಮಿನಲ್ಲಿದ್ದ ಹೆಚ್ಚಿನ ಡಬ್ಬಿಗಳು ನಾಲ್ಕು. ಮುಳಗುಂದ ಸರ್ ಪೊಟ್ಟಣ ಕೆಳಗಿಟ್ಟು ತಾವೇ ಫೋನಿಗೆ ಕೂತರು. ನಾಲ್ಕು ಮನೆಗೆ ಡಬ್ಬಿ, ಮೂರು ಮನೆಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಲು ಗಾಡಿ. ಬೈಸಿಕೊಂಡರು, ಗದರಲಿಲ್ಲ. ಅವರಿಂದ ಅಷ್ಟನ್ನು ದಾಕ್ಷಾಯಣಿ ನಿರೀಕ್ಷಿಸಿರಲಿಲ್ಲ.

ಅವಳು ಸ್ಕ್ರಿಪ್ಟನ್ನು ಮತ್ತೆ ಓಡಿಸಿದಳು, ಈ ಸಲ ಹೊರಗಿನ ಬಾಗಿಲು ಮುಚ್ಚಿಟ್ಟು. ನಾಲ್ಕು ನಿಮಿಷ. ನಲವತ್ಮೂರು ಹಸಿರು. ಸೊನ್ನೆ. ಹಾಳೆಗಳನ್ನು ತೆಗೆದು ಸಾಲು ಸಾಲು ತಾಳೆ ನೋಡಿದಳು. ಒಂದು ಅಲ್ಪವಿರಾಮದ ವ್ಯತ್ಯಾಸವೂ ಇರಲಿಲ್ಲ. ರೋಗಿಗಳ ಡಿಸ್ಕ್ ಜೋಡಿಸುವುದು ಇಪ್ಪತ್ತಾರು, ಡೇಟಾಬೇಸ್ ಚಾಲೂ ಮಾಡುವುದು ಇಪ್ಪತ್ತೇಳು, ರೋಗಿಗಳು ಕಳೆದುಹೋದದ್ದು ಅಲ್ಲೇ ಇರಬೇಕು. ಗಂಟೆ ಎರಡೂವರೆ.

ದಾವಲಸಾಬರಿಗೆ ಫೋನು ಮಾಡಲು ಅವಳಿಗೆ ನಾಚಿಕೆಯಾಯಿತು. ನಾಚಿಕೆಗೆ ಐದು ನಿಮಿಷ ಹೋಯಿತು. ಆಮೇಲೆ ಮಾಡಿದಳು.

"ಕಾಕಾ, ಇಪ್ಪತ್ತಾರ ಆದ ಮ್ಯಾಲೆ ಏನ ಮಾಡ್ತಿದ್ರಿ?"

"ಇಪ್ಪತ್ತೇಳು."

"ನಡುವ ಏನರ ಮಾಡ್ತಿದ್ರೇನು?"

"ನಡುವ ಏನ ಮಾಡ್ಲಿ? ಬರದ ಕೊಟ್ಟೀನಲ್ಲವ್ವಾ ಎಲ್ಲಾ." ಹಿಂದೆ ಅರಳೆ ಹಿಂಜುವ ಯಂತ್ರದ ಸದ್ದು. "ಯಾಕ, ಎದ್ದಿಲ್ಲೇನು?"

"ಎದ್ದೈತಿ. ಆದ್ರ ಖಾಲಿ ಎದ್ದೈತಿ."

ಯಂತ್ರದ ಸದ್ದು ನಿಂತಿತು. "ಬಂದೆ," ಎಂದರು.

ಮೂರಕ್ಕೆ ಹತ್ತು ನಿಮಿಷವಿರುವಾಗ ಆಟೋದಿಂದ ಇಳಿದರು. ಗಡ್ಡದಲ್ಲಿ, ಹುಬ್ಬಿನಲ್ಲಿ ಅರಳೆಯ ಎಳೆಗಳು ಅಂಟಿದ್ದವು. ಬಾಗಿಲ ಕಾವಲುಗಾರ ಗುರುತಿನ ಕಾರ್ಡು ಕೇಳಿದ. "ನಿನ್ನೆ ನೀನ ಕಸಗೊಂಡ್ಯಲ್ಲೋ ಅದನ್ನ," ಎಂದು ಅವನನ್ನು ದಾಟಿ ಬಂದರು.

"ಕೂಡ್ರಿ ಕಾಕಾ. ದಿನಾ ಹೆಂಗ ಮಾಡ್ತಿದ್ರಿ, ಹಂಗ ಮಾಡ್ರಿ. ನಾ ಇಲ್ಲಿ ಇಲ್ಲ ಅಂತ ತಿಳಕೋರಿ."

"ಇಷ್ಟ ದೊಡ್ಡ ಹುಡುಗಿ ಬಾಜೂಕ ನಿಂತ್ರ ಹೆಂಗ ಇಲ್ಲ ಅಂತ ತಿಳಕೋಲಿ?" ಎನ್ನುತ್ತ ಕೂತರು. ಹಾಳೆ ನೋಡಲಿಲ್ಲ. ಎರಡು ಬೆರಳಲ್ಲಿ ಟೈಪು ಮಾಡುತ್ತ, ತುಟಿಯಲ್ಲೇ ಅಂಕಿ ಎಣಿಸುತ್ತ ಹೋದರು. ಇಪ್ಪತ್ತನಾಲ್ಕು. ಇಪ್ಪತ್ತೈದು. ಇಪ್ಪತ್ತಾರು, ಮೊಹರಿನ ಡಿಸ್ಕ್ ಜೋಡಿಸು. ಎಂಟರ್ ಒತ್ತಿದರು. ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತರು.

"ಎಲ್ಲಿಗಿ?"

ಅವರು ಒಂದು ಗಳಿಗೆ ತಬ್ಬಿಬ್ಬಾದರು. "ಎಲ್ಲೂ ಇಲ್ಲ. ಇವತ್ತಿನ ಜೋಹರ್ ಮನ್ಯಾಗ ಆಗೈತಿ. ಸುಮ್ನ ಎದ್ದೆ ನೋಡು, ರೂಢಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಮಧ್ಯಾಹ್ನದ ನಮಾಜು. ಒಂದು ಗಂಟೆಗೆ ಕೂತರೆ ಇಪ್ಪತ್ತಾರಕ್ಕೆ ಬರುವಷ್ಟರಲ್ಲಿ ಅದರ ಹೊತ್ತಾಗುತ್ತಿತ್ತು. ಆರು ವರ್ಷವೂ ಅವರು ಅಲ್ಲಿ ಎದ್ದು, ಕೈಕಾಲು ತೊಳೆದು, ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ, ಮುಗಿಸಿಕೊಂಡು ಬಂದು ಇಪ್ಪತ್ತೇಳು ಒತ್ತುತ್ತಿದ್ದರು. ಅವರ ರಜೆಯ ದಿನ ಕೂರುತ್ತಿದ್ದ ವಿಮಲಾ ಕೂಡ ಅಲ್ಲೇ ನಿಲ್ಲಿಸಿ ಊಟಕ್ಕೆ ಏಳುತ್ತಿದ್ದಳು, ಏಕೆಂದರೆ ಮೊದಲ ಹಾಳೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಕೆಲಸದ ಹಂತ ಎಂದು ಯಾರೂ ಬರೆಯಲಿಲ್ಲ. ಯಾಕೆ ಬರೆಯಬೇಕು?

ದಾಖಲೆಯಲ್ಲಿ ಆ ಬಿಡುವು ದಾಕ್ಷಾಯಣಿಗೆ ಕಂಡಿತ್ತು. ತಿಂಗಳ ಪ್ರತಿ ದಿನವೂ ಕಂಡಿತ್ತು. ಒಬ್ಬರ ಪ್ರಾರ್ಥನೆಯನ್ನು ಕಚೇರಿಯ ದಾಖಲೆಯಲ್ಲಿ ಇಡುವುದು, ಅದು ಎಷ್ಟು ನಿಮಿಷ ಎಂದು ಎಣಿಸುವುದು ಸಭ್ಯತೆಯಲ್ಲ ಅನ್ನಿಸಿ, ಅಳೆಯದೆಯೇ ಕತ್ತರಿಸಿ ತೆಗೆದಿದ್ದಳು. ಮರ್ಯಾದೆಗೆ ಮಾಡಿದ ಕೆಲಸ. ಏಳು ಡಬ್ಬಿ ಸುಟ್ಟದ್ದು ಅದರಿಂದ.

"ಡಿಸ್ಕ್ ನೋಡ್ರಿ ಕಾಕಾ. ಬಂದೈತೇನು?"

"ಬಂದಿಲ್ಲ. ಮೊಹರು ತಪಾಸ ಮಾಡಾಕತ್ತೈತಿ." ದಾವಲಸಾಬರು ಕನ್ನಡಕ ಮೇಲೇರಿಸಿದರು. "ಇದು ಇಷ್ಟ ಹೊತ್ತ ತಗೋತದಂತ ನನಗ ಇವತ್ತಿನ ತನಕಾ ಗೊತ್ತಿದ್ದಿಲ್ಲ. ನಾ ಬರೂದ್ರಾಗ ಅದು ಬಂದಿರ್ತಿತ್ತು."

ಜೋಡಿಸು ಎಂದ ಕೂಡಲೇ ಡಿಸ್ಕ್ ಬರುವುದಿಲ್ಲ. ಯಾರಾದರೂ ತಿದ್ದಿದ್ದಾರೆಯೇ ಎಂದು ಪ್ರತಿ ರೋಗಿಯ ಮೊಹರು ಪರೀಕ್ಷಿಸಿ ಆಮೇಲೆ ಬರುತ್ತದೆ. ನೂರು ರೋಗಿಗಳ ನಕಲಿಗೆ ಎರಡು ಸೆಕೆಂಡು ಸಾಕಾಗಿತ್ತು. ನಿಜವಾದ ಡಿಸ್ಕಿಗೆ ಸಾಕಾಗಲಿಲ್ಲ. ಸ್ಕ್ರಿಪ್ಟ್ ಕಾಯದೆ ಡೇಟಾಬೇಸನ್ನು ಎಬ್ಬಿಸಿತು. ಎದ್ದ ಡೇಟಾಬೇಸ್ ಡಿಸ್ಕ್ ಇರಬೇಕಾದ ಜಾಗ ಖಾಲಿ ಇದ್ದದ್ದು ನೋಡಿ, ಓಹೋ, ನಾನು ಹೊಸ ಊರಿಗೆ ಬಂದಿದ್ದೇನೆ ಎಂದುಕೊಂಡು ಹೊಸ ಖಾಲಿ ದಫ್ತರ ತೆರೆದು ಕೂತಿತು.

ಇಬ್ಬರೂ ಕೂತು ಕಾದರು. ಮಾಡಲು ಏನೂ ಇರಲಿಲ್ಲ. ದಾವಲಸಾಬರು ಗಡ್ಡದ ಅರಳೆ ಆರಿಸಿ ಆರಿಸಿ ಕಸದ ಬುಟ್ಟಿಗೆ ಹಾಕಿದರು. ಹನ್ನೊಂದನೆಯ ನಿಮಿಷಕ್ಕೆ ಡಿಸ್ಕ್ ಬಂತು. ಇಪ್ಪತ್ತೇಳು ಒತ್ತಿದರು. ದಾಕ್ಷಾಯಣಿ ಕೇಳಿದಳು: ಎಷ್ಟು ಜನ?

ಹದಿನಾಲ್ಕು ಸಾವಿರದ ಮುನ್ನೂರ ಹನ್ನೆರಡು.

ಅವಳು ಮೇಜಿನ ಮೇಲೆ ಹಣೆಯಿಟ್ಟಳು. ಆಮೇಲೆ ತಲೆಯೆತ್ತಿ, "ಕಾಕಾ, ನಿಮ್ಮ ಉಪಕಾರ ಭಾಳ ದೊಡ್ಡದು," ಎಂದಳು.

"ಏನ ಉಪಕಾರ? ನಾ ನನ್ನ ನಮಾಜ್ ಮಾಡ್ಕೊಂಡೆ. ಸಂಬಳಾನೂ ತಗೊಂಡೆ." ಅವರು ಉಳಿದ ಹಂತಗಳನ್ನು ಮುಗಿಸಿದರು. "ಈಗ ನಿನ್ನ ಸ್ಕ್ರಿಪ್ಟಿಗೆ ಹದಿನೈದು ನಿಮಿಷ ಸುಮ್ನ ಕೂಡ್ರು ಅಂತ ಬರಿ, ಮುಗೀತು."

"ಅದು ಬ್ಯಾಡ್ರಿ. ನಾಳೆ ರೋಗಿಗಳು ಇಪ್ಪತ್ತ ಸಾವಿರ ಆದ್ರ ಹದಿನೈದೂ ಸಾಲಂಗಿಲ್ಲ. ನಿಮಿಷ ಎಣಿಸೂದಲ್ಲ, ಡಿಸ್ಕಿನ್ನ ಕೇಳ್ಬೇಕು, ಬಂದ್ಯಾ ಅಂತ. ಬಂದ ಮ್ಯಾಲೂ ತಲಿ ಎಣಿಸ್ಬೇಕು. ನಿನ್ನೆಕಿಂತ ಕಡಿಮಿ ಇದ್ರ ಬಾಗ್ಲಾ ತೆಗೀಬಾರ್ದು."

"ನೋಡು ಮತ್ತ. ಇದನ್ನ ಮೊದ್ಲ ಬರದಿದ್ರ ನನ್ನ ಆಟೋ ಖರ್ಚು ಉಳೀತಿತ್ತು."

ಅವಳು ಅದನ್ನು ಬರೆದಳು, ನಿಜವಾದ ಡಿಸ್ಕಿನ ನಕಲು ಮಾಡಿ ಎರಡು ಸಲ ಓಡಿಸಿದಳು. ಎರಡು ಸಲವೂ ಸ್ಕ್ರಿಪ್ಟ್ ಇಪ್ಪತ್ತಾರರ ನಂತರ ನಿಂತು, ಕಾದು, ತಲೆಯೆಣಿಸಿ ಮುಂದೆ ಹೋಯಿತು.

ಮುಳಗುಂದ ಸರ್ ವರದಿಯ ನಮೂನೆ ಹಿಡಿದು ಬಂದರು. ದಾವಲಸಾಬರಿಗೆ ಕೇಳದಂತೆ ದನಿ ತಗ್ಗಿಸಿದರೂ ಕೋಣೆ ಚಿಕ್ಕದು.

"ಕಾರಣದ ಮುಂದ ಹಳೇ ಆಪರೇಟರ್ ಒಂದು ಹಂತ ಬರದು ಕೊಟ್ಟಿರ್ಲಿಲ್ಲ ಅಂತ ಹಾಕು. ಅವ್ರ ಕರಾರು ಮುಗದೈತಿ, ಅವ್ರಿಗೇನು ತ್ರಾಸಿಲ್ಲ."

"ಹಾಕವ್ವಾ," ಎಂದರು ದಾವಲಸಾಬರು, ತಿರುಗದೆ. "ನಿಂದು ಇನ್ನ ಮೂವತ್ತ ವರ್ಷ ನೌಕರಿ ಐತಿ."

ದಾಕ್ಷಾಯಣಿ ಪೆನ್ನು ತೆಗೆದುಕೊಂಡು ಬರೆದಳು: "ಹಂತ 26 ಮತ್ತು 27ರ ನಡುವಿನ ಬಿಡುವನ್ನು ಅಳೆಯದೆ ತೆಗೆದುಹಾಕಿದವಳು ನಾನು. ಪರೀಕ್ಷೆಗೆ ಚಿಕ್ಕ ಡಿಸ್ಕ್ ಬಳಸಿದವಳೂ ನಾನು. ಹಳೆಯ ಆಪರೇಟರ್ ಶ್ರೀ ದಾವಲಸಾಬ ನದಾಫ ಅವರು ಬಂದದ್ದರಿಂದ ಉಳಿದ 14,305 ಡಬ್ಬಿಗಳು ಉಳಿದವು." ಸಹಿ ಮಾಡಿ ಮುಂದೆ ಚಾಚಿದಳು. ಏಳು ಮನೆಗಳಿಗೂ ನಾಳೆ ತಾನೇ ಹೋಗಿ ಇದನ್ನೇ ಹೇಳುತ್ತೇನೆ ಎಂದಳು.

ಮುಳಗುಂದ ಸರ್ ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡಳು. ಅವರು ಕಿಸೆಯಿಂದ ಪೆನ್ನು ತೆಗೆದು, ಅವಳ ಸಾಲುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಚಿಕ್ಕ ಡಿಸ್ಕಿನ ಪರೀಕ್ಷೆ ಸಾಕೆಂದು ಒಪ್ಪಿಗೆ ಕೊಟ್ಟವನು ನಾನು."

"ಆ ಮುಂಡರಗಿ ಮಾಸ್ತರ ನಂಗ ಭಾಳ ಬೈದ," ಎಂದರು. "ಬೈದು, ಕಡೀಕ ಊಟ ಆತೇನ್ರಿ ಅಂತ ಕೇಳಿದ. ಇನ್ನ ಸುಳ್ಳ ಹೆಂಗ ಬರೀಲಿ?"

ನಾಲ್ಕೂವರೆಗೆ ದಾವಲಸಾಬರು ಹೊರಟರು. ಬಾಗಿಲಲ್ಲಿ ನಿಂತು, "ದಾಕ್ಷಾ, ಒಂದು ಕೇಳ್ತೀನಿ, ನಗಬ್ಯಾಡ," ಎಂದರು. "ಈ ಡಬ್ಬಿ ಚಾಲೂ ಇದ್ದದ್ದನ್ನ ನಾ ಒಮ್ಮೆನೂ ನೋಡಿಲ್ಲ. ಹೆಂಗಿರ್ತೈತಿ?"

ಅವಳಿಗೆ ನಗು ಬರಲಿಲ್ಲ. ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮನೆಗೆ ಹೊರಟಳು. ಅವಳಿಗೂ ನೋಡಬೇಕಾಗಿತ್ತು. ಪರದೆಯ ಮೇಲಿನ ಹಸಿರನ್ನು ಇವತ್ತು ಅವಳು ನಂಬುತ್ತಿರಲಿಲ್ಲ.

ಚನ್ನವ್ವ ಆಗಲೇ ಕೈಗೆ ಸೂಜಿ ಸಿಕ್ಕಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮಧ್ಯಾಹ್ನ ನಡೆದದ್ದು ಅವಳಿಗೇನೂ ಗೊತ್ತಿರಲಿಲ್ಲ. ಅಪರಿಚಿತರನ್ನು ಕಂಡು ಸೆರಗು ಸರಿಮಾಡಿಕೊಂಡು, "ಬರ್ರಿ, ಕೂಡ್ರಿ. ದಾಕ್ಷಾ, ಚಾ ಇಡು," ಎಂದು ಡಬ್ಬಿಯ ಗುಂಡಿಗೆ ಬೆರಳು ತಂದಳು.

"ಅವ್ವಾ, ತಡಿ," ಎಂದಳು ದಾಕ್ಷಾಯಣಿ.

"ಯಾಕ?"

ಒಂದೋ ಸರಿಯಾಗಿದೆ, ಇಲ್ಲವೋ ಇಲ್ಲ. "ಏನಿಲ್ಲ. ಒತ್ತು."

ಹಳದಿ ದೀಪ ಹತ್ತಿತು. ಡಬ್ಬಿ ಗದಗಿನ ಕೇಂದ್ರವನ್ನು ಕೇಳುತ್ತಿತ್ತು. ಹೊರಗೆ ಯಾರೋ ಕೊಡ ಇಟ್ಟ ಸದ್ದಾಯಿತು. ದಾಕ್ಷಾಯಣಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ದೀಪ ಹಸಿರಾಯಿತು.

"ಚನ್ನವ್ವ ಶಿವಪ್ಪ ಹೂಗಾರ," ಎಂದಿತು ಡಬ್ಬಿ, ಶಾಲೆಯ ಹಾಜರಿ ಕರೆಯುವವರ ದನಿಯಲ್ಲಿ. "ಇಂದಿನ ಲೆಕ್ಕ ಬಂದಿದೆ. ಶುರು ಮಾಡಲೇ?"

"ಮಾಡಪಾ," ಎಂದಳು ಚನ್ನವ್ವ. ನಳಿಗೆಗಳು ಕೆಂಪಾದವು. ಡಬ್ಬಿ ಮೆಲ್ಲಗೆ ಗುರುಗುಟ್ಟಲು ಶುರು ಮಾಡಿತು.

ದಾವಲಸಾಬರು ಬಗ್ಗಿ ನೋಡುತ್ತಿದ್ದರು. "ಹೆಸರ ಹೇಳ್ತೈತೇನು ಇದು?"

"ಎಲ್ಲಾರ್ದೂ ಹೇಳ್ತೈತ್ರಿ."

"ಎಲ್ಲಾರ್ದೂ? ಆರ ವರ್ಷ ನನಗ ಬರೇ ಒಂದು ನಂಬರ್ ಕಾಣ್ತಿತ್ತು, ಒಟ್ಟು ಇಷ್ಟು ಅಂತ." ಅವರು ನೆಲದ ಮೇಲೆ ಕೂತೇಬಿಟ್ಟರು. ಪಂಪು ತಿರುಗುವುದನ್ನು, ರಕ್ತ ಹೋಗಿ ಬರುವುದನ್ನು ಗಡಿಯಾರ ರಿಪೇರಿಯವನ ಹಾಗೆ ತಲೆ ಓರೆ ಮಾಡಿ ನೋಡಿದರು.

"ಇವ್ರು ಯಾರವಾ?" ಎಂದಳು ಚನ್ನವ್ವ ಮಗಳಿಗೆ, ಮೆಲ್ಲಗೆ.

"ನೀ ಮುಂಜಾನೆ ಕೇಳಿದ್ಯಲ್ಲ, ಅವ್ರು. ಆರ ವರ್ಷ ಈ ಸರ್ವರ್ ದಿನಾ ಕೈಲೆ ಕಟ್ಟಿದವ್ರು. ಇವತ್ತೂ ಅವ್ರ ಬಂದು ಕಟ್ಟಿದ್ರು. ನನ್ನದು ಬಿದ್ದಿತ್ತು."

ಚನ್ನವ್ವ ಅವರತ್ತ ತಿರುಗಿದಳು. ಹುಬ್ಬಳ್ಳಿಯ ಬಸ್ಸು ಹತ್ತಬೇಕಿರದ ಆರು ವರ್ಷ ಅವಳ ಮುಖದಲ್ಲಿ ಹಾದುಹೋಗಿರಬಹುದು, ಹೋಗದೆಯೂ ಇರಬಹುದು. ಕೈ ಮುಗಿಯಲು ಹೋದಳು. ಎಡಗೈ ನಳಿಗೆಗಳಲ್ಲಿ ಸಿಕ್ಕಿತ್ತು, ಏಳಲಿಲ್ಲ. ಬಲಗೈಯೊಂದನ್ನೇ ಎತ್ತಿ ಹಣೆಗೆ ಮುಟ್ಟಿಸಿದಳು.

ದಾವಲಸಾಬರು ಗಾಬರಿಯಾಗಿ ಮೊಣಕಾಲ ಮೇಲೆದ್ದರು.

"ಬ್ಯಾಡ್ರಿ ಯವ್ವಾ, ಅಲ್ಲಾಡಬ್ಯಾಡ್ರಿ, ಸುಮ್ನ ಕುಂದರ್ರಿ. ಸೂಜಿ ಸರದೀತು!"